ಕೊರಿಯಾದ ಧಾರಾವಾಹಿಗಳಲ್ಲಿ ಹುಟ್ಟಿನ ಗುಟ್ಟು ಮದುವೆ ಗೊತ್ತಾದ ಮೇಲೆಯೇ ಏಕೆ ಹೊರಬೀಳುತ್ತದೆ?

ಪ್ರಶ್ನೆ: ಸಪ್ತಾಪುರದವಳು, ಧಾರವಾಡ

ಮೊಣಕಾಲಿನ ಶಸ್ತ್ರಚಿಕಿತ್ಸೆಯಾಗಿ ಎರಡು ತಿಂಗಳಿಂದ ಮನೆಯಲ್ಲೇ ಕುಳಿತಿರುವ ನಮ್ಮ ಅವ್ವನಿಗೆ ಹೊತ್ತು ಹೋಗಲೆಂದು ‘ವಿಂಟರ್ ಸೊನಾಟಾ’ ಹಚ್ಚಿಕೊಟ್ಟಿದ್ದೇನೆ. 2002ರಲ್ಲಿ ಕೊರಿಯಾದ ಕೆಬಿಎಸ್ ವಾಹಿನಿಯಲ್ಲಿ ಪ್ರಸಾರವಾದ, 20 ಕಂತುಗಳ ಧಾರಾವಾಹಿ ಇದು. ಪರದೆಯ ಕೆಳಗೆ ಬರುವ ಇಂಗ್ಲಿಷ್ ಸಾಲುಗಳನ್ನು ನಾನು ಓದಿಕೊಂಡು ಕನ್ನಡದಲ್ಲಿ ಹೇಳುತ್ತೇನೆ. ಅವ್ವ ಮೊರದಲ್ಲಿ ಜೋಳ ಹಸನು ಮಾಡುತ್ತ ಕೇಳುತ್ತಾಳೆ. ನಾಯಕಿ ಶಾಲೆಯಲ್ಲಿ ಪ್ರೀತಿಸಿದ ಹುಡುಗ ಅಪಘಾತದಲ್ಲಿ ಸತ್ತನೆಂದು ಎಲ್ಲರೂ ನಂಬಿ, ಹತ್ತು ವರ್ಷಗಳ ನಂತರ ಅದೇ ಮುಖದವನೊಬ್ಬ ಬೇರೆ ಹೆಸರಿನಲ್ಲಿ ಎದುರಾಗಿ, ಅವನ ನೆನಪು ಮರಳಿ, ಇನ್ನೇನು ಮದುವೆ ಎನ್ನುವ ಹೊತ್ತಿಗೆ, ಅವರಿಬ್ಬರೂ ಒಬ್ಬನೇ ತಂದೆಯ ಮಕ್ಕಳಿರಬಹುದು ಎಂಬ ಮಾತು ಬರುತ್ತದೆ. ಅಲ್ಲಿಗೆ ಅವ್ವ ಮೊರವನ್ನು ಕೆಳಗಿಟ್ಟು, “ಮೊದಲ ಬೆಡಗ ಕೇಳಿದ್ರ ಇಷ್ಟೆಲ್ಲಾ ಆಗತಿತ್ತೇನ?” ಎಂದಳು. (ಬೆಡಗು ಎಂದರೆ ನಮ್ಮಲ್ಲಿ ಮದುವೆಗೆ ಮುಂಚೆ ಕೇಳುವ ಮನೆತನದ ಗುರುತು, ಗೋತ್ರದ ಹಾಗೆ.)

ನಾನು ನಕ್ಕೆನಾದರೂ ಪ್ರಶ್ನೆ ಉಳಿಯಿತು. ನಾನು ನೋಡಿದ ಕೊರಿಯಾದ ಧಾರಾವಾಹಿಗಳಲ್ಲಿ ಹಲವು ಇದೇ ಹಾದಿಯಲ್ಲಿ ನಡೆಯುತ್ತವೆ. ಇದು ಬರೆಯುವವರ ಚಾಳಿಯೇ, ಅಥವಾ ಆ ಸಮಾಜದಲ್ಲಿಯೇ ಇದಕ್ಕೆ ಏನಾದರೂ ಬೇರು ಇದೆಯೇ?

ಉತ್ತರ: ಬೆಟಗೇರಿಯ ವಕೀಲ, ಗದಗ

ನಿಮ್ಮ ತಾಯಿಯವರ ಪ್ರಶ್ನೆ ಕೊರಿಯಾದ ಯಾವ ಹಿರಿಯರಿಗಾದರೂ ತಕ್ಷಣ ಅರ್ಥವಾಗುವಂಥದ್ದು. ಅಲ್ಲಿಯ ಪ್ರತಿಯೊಂದು ಅಡ್ಡಹೆಸರಿಗೂ ಒಂದು ಮೂಲದ ಊರು ಇರುತ್ತದೆ. ಕಿಮ್ ಎಂದರೆ ಸಾಲದು, ಯಾವ ಊರಿನ ಕಿಮ್ ಎಂದು ಕೇಳುತ್ತಾರೆ. ಅಡ್ಡಹೆಸರೂ ಮೂಲದ ಊರೂ ಒಂದೇ ಆಗಿದ್ದರೆ, ನಡುವೆ ಎಷ್ಟೇ ತಲೆಮಾರು ಸಂದಿದ್ದರೂ, ಅಂಥವರು ಮದುವೆಯಾಗಬಾರದೆಂದು ನಾಗರಿಕ ಸಂಹಿತೆಯ 809ನೆಯ ಕಲಮೇ ನಿಷೇಧಿಸಿತ್ತು. ಗಿಮ್ಹೇ ಊರಿನ ಕಿಮ್‌ಗಳೇ 40 ಲಕ್ಷಕ್ಕೂ ಹೆಚ್ಚಿರುವ ನಾಡಿನಲ್ಲಿ ಈ ನಿಯಮ ಎಷ್ಟು ಜೋಡಿಗಳನ್ನು ಕಾಡಿರಬೇಕೆಂದು ಯೋಚಿಸಿ. ನೋಂದಣಿಯಿಲ್ಲದೆ ಸಂಸಾರ ಹೂಡಿದ್ದ ಇಂಥ ದಂಪತಿಗಳಿಗಾಗಿ ಸರ್ಕಾರ 1978, 1988 ಮತ್ತು 1996ರಲ್ಲಿ ಒಂದೊಂದು ವರ್ಷ ರಿಯಾಯಿತಿ ಕೊಡಬೇಕಾಯಿತು. ಸಂವಿಧಾನ ನ್ಯಾಯಾಲಯವು 1997ರಲ್ಲಿ ಈ ಕಲಮು ಸಂವಿಧಾನಕ್ಕೆ ಹೊಂದುವುದಿಲ್ಲವೆಂದು ತೀರ್ಪಿತ್ತಿತು. 2005ರಲ್ಲಿ ಸಂಹಿತೆಯ ತಿದ್ದುಪಡಿಯಾಯಿತು. ಈಗ ರಕ್ತಸಂಬಂಧಿಗಳಲ್ಲಿ ಎಂಟನೆಯ ಹಂತದವರೆಗಿನವರಿಗೆ ಮಾತ್ರ ನಿಷೇಧವಿದೆ. ಆ ಎಣಿಕೆಯಲ್ಲಿ ಸೋದರಮಾವ ಮೂರನೆಯ ಹಂತದವನು, ಅತ್ತೆಯ ಮಗ ನಾಲ್ಕನೆಯವನು. ಎಂದರೆ ನಮ್ಮ ಭಾಗದ ಎಷ್ಟೋ ಮದುವೆಗಳು ಅಲ್ಲಿ ಸಲ್ಲುವುದಿಲ್ಲ.

ಆದರೆ ಬೆಡಗು ಕೇಳಿದ್ದರೂ ಈ ಕಥೆಯಲ್ಲಿ ಪ್ರಯೋಜನವಾಗುತ್ತಿರಲಿಲ್ಲ. ನಾಯಕ ಶಾಲೆಯಲ್ಲಿದ್ದಾಗ ಕಾಂಗ್ ಜೂನ್-ಸಾಂಗ್. ಕಾಂಗ್ ಎಂಬುದು ಅವನ ತಾಯಿಯ ಅಡ್ಡಹೆಸರು. ಹತ್ತು ವರ್ಷಗಳ ನಂತರ ಅವನು ಲೀ ಮಿನ್-ಹ್ಯೋಂಗ್; ಲೀ ಎಂಬುದು ಮಲತಂದೆಯದು. ಹೆತ್ತ ತಂದೆಯ ಹೆಸರು ಎರಡರಲ್ಲೂ ಇಲ್ಲ. ಮನೆಯ ಯಜಮಾನನೆಂದು ಒಬ್ಬ ಗಂಡಸನ್ನು ಬರೆದು, ಅವನ ಕೆಳಗೆ ಉಳಿದವರನ್ನು ನಮೂದಿಸುವ ಕುಟುಂಬ ದಾಖಲೆ ಪದ್ಧತಿ ಅಲ್ಲಿ 2008ರ ಜನವರಿ 1ರಿಂದಷ್ಟೇ ರದ್ದಾಯಿತು. ಧಾರಾವಾಹಿ ಬಂದ ಕಾಲಕ್ಕೆ ಅದು ಜಾರಿಯಲ್ಲಿತ್ತು. ಕಾಗದ ಒಂದು ಹೇಳಿ ರಕ್ತ ಇನ್ನೊಂದು ಹೇಳಿದರೆ ಬಾಳು ಏನಾಗುತ್ತದೆ ಎಂಬ ಅಂಜಿಕೆ ನೋಡುವವರಿಗೂ ಇತ್ತು. ಆ ಕಾಗದವನ್ನು ಎಲ್ಲರೂ ಬಿಚ್ಚಿ ನೋಡುವುದು ಮದುವೆಯ ಹೊತ್ತಿನಲ್ಲಿಯೇ.

ಅಂದ ಹಾಗೆ, ಆ ಸಂಶಯ ಸುಳ್ಳು. ತಾಯಿ ಹೇಳಿದ ತಂದೆ ಬೇರೆ, ನಿಜವಾದ ತಂದೆ ಬೇರೆ. ಪರೀಕ್ಷೆ ಮಾಡಿಸಿದಾಗ ಜೂನ್-ಸಾಂಗ್ ತನ್ನ ಪ್ರತಿಸ್ಪರ್ಧಿ ಸಾಂಗ್-ಹ್ಯೋಕ್‌ನ ತಂದೆಯ ಮಗನೆಂದು ತಿಳಿಯುತ್ತದೆ.

ಉತ್ತರ: ರಕ್ತ ತಪಾಸಣೆಯವನು, ಹುಬ್ಬಳ್ಳಿ

ವಕೀಲರು ಕೊನೆಯನ್ನು ಬಿಟ್ಟುಕೊಟ್ಟದ್ದು ಸರಿಯಲ್ಲ! ನಾನು ನನ್ನ ಕೆಲಸಕ್ಕೆ ಸಂಬಂಧಿಸಿದ ಒಂದು ಮಾತನ್ನಷ್ಟೇ ಸೇರಿಸುತ್ತೇನೆ. 2000ರಲ್ಲಿ ಕೆಬಿಎಸ್‌ನಲ್ಲೇ ಬಂದ ‘ಆಟಮ್ ಇನ್ ಮೈ ಹಾರ್ಟ್’ ಧಾರಾವಾಹಿಯಲ್ಲಿ ಆಸ್ಪತ್ರೆಯಲ್ಲಿ ಕೂಸುಗಳು ಅದಲುಬದಲಾಗುತ್ತವೆ. ಹುಡುಗಿಗೆ ಹದಿನಾಲ್ಕು ವರ್ಷವಾದಾಗ ವಾಹನ ಬಡಿದು, ರಕ್ತದ ಗುಂಪು ಹೆತ್ತವರದರೊಂದಿಗೆ ಹೊಂದದೆ ಗುಟ್ಟು ಬಯಲಾಗುತ್ತದೆ. ಇದು ತಕ್ಕಮಟ್ಟಿಗೆ ಶಾಸ್ತ್ರಕ್ಕೆ ಸರಿಯಾಗಿಯೇ ಇದೆ. ತಂದೆ ತಾಯಿ ಇಬ್ಬರೂ ‘ಓ’ ಇದ್ದರೆ ಮಗು ಸಾಮಾನ್ಯವಾಗಿ ‘ಓ’ ಆಗಿಯೇ ಇರಬೇಕು. ಆದರೆ ಗುಂಪು ಹೊಂದಿತೆಂದ ಮಾತ್ರಕ್ಕೆ ಸಂಬಂಧ ಸಾಬೀತಾಗುವುದಿಲ್ಲ. ಹೊಂದಲಿಲ್ಲವೆಂದ ಕೂಡಲೇ ಸಂಬಂಧ ಮುರಿಯುವುದೂ ಇಲ್ಲ. 1952ರಲ್ಲಿ ಡಾ. ಭೇಂಡೆ ಮತ್ತು ಸಂಗಡಿಗರು ಮುಂಬೈಯಲ್ಲಿ ಗುರುತಿಸಿದ ‘ಬಾಂಬೆ’ ಗುಂಪಿನವರು ಸಾಮಾನ್ಯ ತಪಾಸಣೆಯಲ್ಲಿ ‘ಓ’ ಎಂದೇ ಕಾಣುತ್ತಾರೆ, ಆದರೆ ಅವರ ಮಕ್ಕಳು ‘ಎ’ ಅಥವಾ ‘ಬಿ’ ಆಗಿರಬಹುದು.

ಕೆಲವು ವರ್ಷಗಳ ಹಿಂದೆ ಒಬ್ಬರು ಮಗನನ್ನು ಕರೆದುಕೊಂಡು ನಮ್ಮಲ್ಲಿಗೆ ಬಂದಿದ್ದರು. ಗಂಡ ಹೆಂಡತಿ ಇಬ್ಬರದೂ ‘ಓ’. ಮಗನ ಶಾಲೆಯ ಗುರುತಿನ ಚೀಟಿಯಲ್ಲಿ ‘ಬಿ’ ಎಂದಿತ್ತು. ನಾನು ಮತ್ತೆ ರಕ್ತ ತೆಗೆದು ನೋಡಿದೆ: ‘ಓ’. ಚೀಟಿಯಲ್ಲಿ ಬರೆದವರು ತಪ್ಪಿದ್ದರು, ಅಷ್ಟೇ. ಆ ಮನುಷ್ಯ ಒಂದು ಮಾತೂ ಆಡದೆ ವರದಿಯನ್ನು ನಾಲ್ಕು ಮಡಿಕೆ ಮಡಚಿ ಅಂಗಿಯ ಕಿಸೆಯಲ್ಲಿಟ್ಟುಕೊಂಡು, ಮಗನ ಕೈಹಿಡಿದು ಹೊರಟುಹೋದರು. ಎಷ್ಟು ದಿನ ಆ ಸಂಶಯವನ್ನು ಹೊತ್ತು ತಿರುಗಿದ್ದರೋ ತಿಳಿಯದು.

ಉತ್ತರ: ಹಾವೇರಿಯ ಓದುಗ

ಕಾನೂನು, ರಕ್ತ ಎರಡೂ ಸರಿ. ಆದರೆ ಇದಕ್ಕಿಂತ ಆಳವಾದ ಗಾಯವೊಂದಿದೆ ಎಂದು ನನಗೆ ಅನ್ನಿಸುತ್ತದೆ. 1950ರಿಂದ 53ರವರೆಗಿನ ಯುದ್ಧದಲ್ಲಿ ಲೆಕ್ಕವಿಲ್ಲದಷ್ಟು ಸಂಸಾರಗಳು ಚದುರಿಹೋದವು. ಅಗಲಿದವರನ್ನು ಕೂಡಿಸಲೆಂದು ಕೆಬಿಎಸ್ 1983ರ ಜೂನ್ 30ರಂದು ಆರಂಭಿಸಿದ ನೇರಪ್ರಸಾರವು ಒಂದೆರಡು ತಾಸಿನಲ್ಲಿ ಮುಗಿಯಬೇಕಾದದ್ದು 138 ದಿನ ನಡೆಯಿತು. ಹತ್ತು ಸಾವಿರಕ್ಕೂ ಹೆಚ್ಚು ಸಂಸಾರಗಳು ಕೂಡಿದವು. ಅದರ ದಾಖಲೆಗಳು 2015ರಲ್ಲಿ ಯುನೆಸ್ಕೋದ ‘ವಿಶ್ವ ಸ್ಮೃತಿ’ ಪಟ್ಟಿಗೆ ಸೇರಿವೆ. ಕ್ಯಾಮೆರಾದ ಮುಂದೆ ನಿಂತು, ಮೈಮೇಲಿನ ಕಲೆಯನ್ನೋ ಬಾಲ್ಯದ ಒಂದು ನೆನಪನ್ನೋ ಹೇಳಿ, ‘ನೀನು ನನ್ನ ತಂಗಿಯೇ?’ ಎಂದು ಕೇಳಿದವರನ್ನು ಇಡೀ ದೇಶವೇ ನೋಡಿತ್ತು. ಆ ನಾಡಿನವರಿಗೆ ಇಂಥ ಗುಟ್ಟು ಬರೀ ಕಟ್ಟುಕಥೆಯಾಗಿ ಕಾಣಲಾರದು.

ಇನ್ನು ಪ್ರೇಮದ ಮಾತು. ಈ ಧಾರಾವಾಹಿಗಳ ಸೊಗಸು ಗುಟ್ಟು ಒಡೆಯುವ ಕಂತಿನಲ್ಲಿಲ್ಲ. ಗೊತ್ತಿದ್ದವನು ಹೇಳದೆ ಉಳಿಯುವ ಕಂತಿನಲ್ಲಿದೆ. ಜೂನ್-ಸಾಂಗ್ ತಾವಿಬ್ಬರೂ ಒಬ್ಬನೇ ತಂದೆಯ ಮಕ್ಕಳಿರಬಹುದೆಂಬ ಮಾತನ್ನು ಕೇಳಿದ ಮೇಲೂ ನಾಯಕಿಗೆ ತಿಳಿಸದೆ ಕಡಲ ತೀರಕ್ಕೆ ಕರೆದೊಯ್ದು, ಏನೂ ಆಗಿಲ್ಲವೆಂಬಂತೆ ಒಂದು ದಿನ ಕಳೆಯುತ್ತಾನೆ. ಅವಳು ನಗುತ್ತಾಳೆ, ಅವನು ಅವಳನ್ನು ನೋಡುತ್ತಾನೆ. ನಮ್ಮ ಧಾರಾವಾಹಿಗಳಲ್ಲಾದರೆ ಅಷ್ಟರಲ್ಲಿ ಬಾಗಿಲ ಹಿಂದೆ ನಿಂತು ಕದ್ದು ಕೇಳಿದವರೊಬ್ಬರು ಊರೆಲ್ಲ ಸಾರಿ ಬಂದಿರುತ್ತಿದ್ದರು. ಆದರೂ ಒಂದು ದೂರಿದೆ: ಇಂಥ ಗುಟ್ಟನ್ನು ಒಂದಾದ ಮೇಲೊಂದರಂತೆ ಪೇರಿಸುವ ಧಾರಾವಾಹಿಗಳೂ ಅಲ್ಲಿ ಬಹಳ ಇವೆ, ಅವುಗಳನ್ನು ಅಲ್ಲಿಯವರೇ ‘ಮಾಕ್‌ಜಾಂಗ್’ ಎಂದು ಹಂಗಿಸುತ್ತಾರೆ. ಗಣಿಯ ಸುರಂಗದ ಕಟ್ಟಕಡೆಯ ತುದಿಗೆ ಆ ಹೆಸರು.

ಮರಳಿ: ಸಪ್ತಾಪುರದವಳು, ಧಾರವಾಡ

ಎಲ್ಲರಿಗೂ ನಮಸ್ಕಾರ. ಉತ್ತರಗಳನ್ನು ಅವ್ವನಿಗೆ ಓದಿ ಹೇಳಿದೆ, ಆದರೆ ವಕೀಲರ ಕೊನೆಯ ಸಾಲುಗಳನ್ನು ನುಂಗಿಕೊಂಡೆ. ಅವ್ವ ತನ್ನ ಸೋದರಮಾವನನ್ನೇ ಮದುವೆಯಾದವಳು. ಅಲ್ಲಿಯ ಕಾನೂನು ಕೇಳಿ, “ಹಂಗಾರ ನಿಮ್ಮಪ್ಪನ್ನ ಅಲ್ಲೆ ಜೇಲಿಗೆ ಹಾಕತಿದ್ರೇನ?” ಎಂದು ಬಹಳ ಹೊತ್ತು ನಕ್ಕಳು.

ನಿನ್ನೆ ರಾತ್ರಿ, ಜೂನ್-ಸಾಂಗ್‌ನ ತಾಯಿ ಮಾತನಾಡುವ ದೃಶ್ಯದಲ್ಲಿ, ನಾನು ಅನುವಾದಿಸಲು ಬಾಯಿ ತೆರೆಯುವಷ್ಟರಲ್ಲಿ ಅವ್ವ ಕೈಯೆತ್ತಿ ನಿಲ್ಲಿಸಿದಳು. “ಆಕಿ ಸುಳ್ಳ ಹೇಳಾಕತ್ತಾಳ. ಮನಸಿನ್ಯಾಗ ಇದ್ದವನ ಹೆಸರು ಹೇಳ್ಯಾಳ, ಅಷ್ಟ,” ಎಂದಳು.