ಗಂಟೆ ಲೆಕ್ಕದವ್ರು, ತಿಂಗಳ ಸಂಬಳದವ್ರು ಇಬ್ರೂ ಒಂದೇ ಶಿಫ್ಟ್ ಆ್ಯಪಲ್ಲಿ ಇದ್ರೆ ಸಂಬಳ ಹೇಗೆ ಸೆಟ್ ಮಾಡೋದು?

ಪ್ರಶ್ನೆ (ಬೇಕರಿ ಮಾಲೀಕರು, ಮೈಸೂರು):
ನಮಸ್ಕಾರ ಎಲ್ರಿಗೂ. ನಮ್ದು ಬೇಕರಿ, ಜೊತೆಗೆ ಸಣ್ಣ ಕಾಫಿ ಕೌಂಟರ್. ಒಟ್ಟು 11 ಜನ, 4 ಜನಕ್ಕೆ ತಿಂಗಳ ಸಂಬಳ, ಮಿಕ್ಕ 7 ಜನ ಕಾಲೇಜ್ ಮಕ್ಳು, ಗಂಟೆ ಲೆಕ್ಕ. ಇಷ್ಟು ದಿನ ಪುಸ್ತಕದಲ್ಲೇ ಬರ್ಕೊಂಡು ನಡೀತಿತ್ತು, ಈಗ ಶಿಫ್ಟ್ ಹಾಕೋ ಆ್ಯಪ್ ತಗೊಂಡಿದೀವಿ. ಓವನ್ ನೋಡ್ಕೊಳ್ಳೋರ ಸಂಬಳ 18,200 ಅಂತ ಟೈಪ್ ಮಾಡಿದ್ರೆ ಅವ್ರೊಬ್ರದ್ದೇ ವಾರದ ಖರ್ಚು 8,73,600 ಅಂತ ತೋರಿಸ್ತು! ಆಮೇಲೆ ನಾನೇ 30 ದಿನಕ್ಕೆ, 9 ಗಂಟೆಗೆ ಭಾಗ್ಸಿ 67.41 ಅಂತ ಹಾಕ್ದೆ. ತಿಂಗಳ ಕೊನೆಗೆ ನೋಡಿದ್ರೆ ಸ್ಲಿಪ್ಪಲ್ಲಿ ಹದಿನಾಲ್ಕು ಸಾವಿರ ಚಿಲ್ಲರೆ ಬಂದಿದೆ, ಅವ್ರು ಒಂದು ದಿನಾನೂ ರಜೆ ಹಾಕಿಲ್ಲ. ಪೂರ್ತಿ ದುಡ್ಡು ಕೈಗೇ ಕೊಟ್ಟೆ, ಆದ್ರೂ ಆ ಸ್ಲಿಪ್ ನೋಡಿ ಅವ್ರ ಮುಖ ಸಣ್ಣಗಾಯ್ತು, ನಂಗೆ ಅದೇ ಕೊರೀತಿದೆ. ಎಲ್ಲಿ ತಪ್ಪಿದೀನಿ?

ಉತ್ತರ (ಪೇರೋಲ್ ಕೆಲಸದವ್ರು):
ನಾನು ಸಣ್ಣ ಹೋಟೆಲ್, ಬೇಕರಿಗಳ ಪೇರೋಲೇ ಮಾಡೋದು, ನಿಮ್ಗೆ ಆಗಿರೋದು ಹೊಸ್ದಾಗಿ ಆ್ಯಪ್ ಹಾಕಿದ ಬಹಳ ಜನಕ್ಕೆ ಆಗುತ್ತೆ.

ಮೊದಲ್ನೇದು, ಆ ಪ್ರೊಫೈಲ್ ಅವರ್ಲಿ (ಗಂಟೆ ಲೆಕ್ಕ) ಅಂತಾನೇ ಇತ್ತು, ಅದಕ್ಕೆ 48 ಗಂಟೆಯನ್ನ 18,200ರಿಂದ ಗುಣ್ಸಿಬಿಡ್ತು. ಎರಡ್ನೇದು, ನೀವು 30 ದಿನ 9 ಗಂಟೆಗೆ ಭಾಗ್ಸಿದ್ರಿ, ಆದ್ರೆ ಆ್ಯಪ್ ಎಣ್ಸೋದು ಅವ್ರು ಬಂದು ಪಂಚ್ ಮಾಡಿದ (ಬಂದ, ಹೋದ ಹೊತ್ತು ಒತ್ತಿ ದಾಖಲಿಸಿದ) ಗಂಟೆ ಮಾತ್ರ, ಅಂದ್ರೆ ವಾರದ ರಜೆ ಬಿಟ್ಟು 26 ದಿನ, ದಿನಕ್ಕೆ 8, ಒಟ್ಟು 208 ಗಂಟೆ. ಭಾಗ್ಸಿದ್ದು 270ಕ್ಕೆ, ಗುಣ್ಸಿದ್ದು 208ಕ್ಕೆ, ಸಂಬಳ ಕರಗಿದ್ದು ಇಲ್ಲೇ.

ಈಗ ಅವ್ರ ಪ್ರೊಫೈಲಿಗೆ ಹೋಗಿ ಪೇ ಟೈಪನ್ನ ಸ್ಯಾಲರೀಡ್ (ನಿಗದಿ ಸಂಬಳ) ಮಾಡಿ, ತಿಂಗಳಿಗೆ ಅಂತ ಆಪ್ಷನ್ ಇದ್ರೆ 18,200 ಹಾಕಿ, ವರ್ಷದ್ದೇ ಕೇಳಿದ್ರೆ 2,18,400. ಆಗ ಶಿಫ್ಟ್ ಪಟ್ಟಿ ಮೇಲೆ ವಾರದ ಖರ್ಚು 4,200 ಅಂತ ಬರುತ್ತೆ, 4,550 ಅಲ್ಲ, ಯಾಕಂದ್ರೆ ಅದು ವರ್ಷದ ಸಂಬಳವನ್ನ 52 ವಾರಕ್ಕೆ ಹಂಚುತ್ತೆ, ಇದನ್ನ ನೋಡಿ ಮತ್ತೆ ಸಂಬಳ ಕಡಿಮೆ ಆಯ್ತು ಅಂತ ಗಾಬರಿ ಆಗ್ಬೇಡಿ.

ಆದ್ರೆ ನಾನು ಮುಖ್ಯವಾಗಿ ಹೇಳ್ಬೇಕಿರೋದು ಬೇರೆ. ಸ್ಯಾಲರೀಡ್ ಮಾಡಿದ ತಕ್ಷಣ ಪಕ್ಕದಲ್ಲಿ ಓವರ್‌ಟೈಮ್ ಎಕ್ಸೆಂಪ್ಟ್ (ಹೆಚ್ಚಿನ ಗಂಟೆಗೆ ದುಡ್ಡಿಲ್ಲ) ಅಂತ ಒಂದು ಟಿಕ್ ತಾನೇ ಬಿದ್ದಿದ್ಯಾ ನೋಡಿ. ಇಂಥ ಆ್ಯಪ್‌ಗಳು ಬಹಳಷ್ಟು ಅಮೆರಿಕದ ಕಾನೂನು ನೋಡಿ ಮಾಡಿರೋವು, ಅಲ್ಲಿ ವಾರಕ್ಕೆ 40 ಗಂಟೆ ದಾಟಿದ್ರೆ ಒಂದೂವರೆ ಪಟ್ಟು, ಕೆಲವು ಸಂಬಳದ ಹುದ್ದೆಗಳಿಗೆ ಅದೂ ಇಲ್ಲ. ನಮ್ಮ ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯ್ದೆಯಲ್ಲಿ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ, ಅದು ದಾಟಿದ್ರೆ ಎರಡು ಪಟ್ಟು. ತಿಂಗಳ ಸಂಬಳ ಅನ್ನೋ ಒಂದೇ ಕಾರಣಕ್ಕೆ ಓವರ್‌ಟೈಮ್ ತಪ್ಪಲ್ಲ, ಆಡಳಿತದ ಹುದ್ದೆಯಲ್ಲಿರೋರಿಗೆ ಮಾತ್ರ ಆ ವಿನಾಯಿತಿ. ಓವನ್ ಮುಂದೆ ನಿಂತು ಖಾರ ಬನ್ ತೆಗೆಯೋರು ಮ್ಯಾನೇಜರ್ ಅಲ್ಲ.

ದಸರಾ ವಾರ ಅವ್ರು 54 ಗಂಟೆ ಕೆಲ್ಸ ಮಾಡಿದ್ರು ಅಂದ್ಕೊಳಿ. 18,200 ಭಾಗಿಸು 26 ಅಂದ್ರೆ ದಿನಕ್ಕೆ 700, 8ಕ್ಕೆ ಭಾಗ್ಸಿದ್ರೆ ಗಂಟೆಗೆ 87.50, ಎರಡು ಪಟ್ಟು 175. ಹೆಚ್ಚಿನ 6 ಗಂಟೆಗೆ 1,050 ರೂಪಾಯಿ ಅವ್ರಿಗೆ ಸೇರ್ಬೇಕು. ಒಂದೂವರೆ ಪಟ್ಟು ಹಾಗೇ ಬಿಟ್ರೆ 787.50 ಬರುತ್ತೆ, ಎಕ್ಸೆಂಪ್ಟ್ ಟಿಕ್ ಇದ್ರೆ ಸೊನ್ನೆ. ಯಾರೂ ಬೇಕೂಂತ ಮೋಸ ಮಾಡಿಲ್ಲ, ಒಂದು ಟಿಕ್ಕಿಂದ ಒಬ್ರ ಬೆವರಿನ ದುಡ್ಡು ಹೋಯ್ತು. ಅದಕ್ಕೇ ಸಂಬಳದವ್ರೂ ಪಂಚ್ ಮಾಡ್ಲಿ, ಗಂಟೆ ದಾಖಲೆ ಇಲ್ದೆ ಓವರ್‌ಟೈಮ್ ಲೆಕ್ಕ ಹಾಕೋದು ಎಲ್ಲಿಂದ.

ಇನ್ನೊಂದು, 10 ಜನ ಅಥವಾ ಅದಕ್ಕಿಂತ ಹೆಚ್ಚಿದ್ರೆ ನೌಕರರ ಆರೋಗ್ಯ ವಿಮೆ ಅಂದ್ರೆ ಇಎಸ್‌ಐ ಬರುತ್ತೆ, ಪಾರ್ಟ್ ಟೈಮ್ ಮಕ್ಳೂ ಆ ಲೆಕ್ಕದಲ್ಲಿ ಸೇರ್ತಾರೆ. ನಿಮ್ಮ ಪಾಲು 3.25 ಪರ್ಸೆಂಟ್ ಸಾಮಾನ್ಯವಾಗಿ ಆ್ಯಪ್ ತೋರ್ಸೋ ಖರ್ಚಲ್ಲಿ ಇರಲ್ಲ, ಅದನ್ನ ಬೇರೆ ಇಟ್ಕೊಳಿ.

ಪ್ರಶ್ನೆ (ಅದೇ ಬೇಕರಿಯವ್ರು):
ಟಿಕ್ ಇತ್ತು ಸಾರ್, ನಾಲ್ಕೂ ಜನಕ್ಕೆ ಇತ್ತು. ತೆಗ್ದೆ, 48 ಗಂಟೆ ಎರಡು ಪಟ್ಟು ಅಂತಾನೂ ಮಾಡ್ದೆ. ಕಾಲೇಜ್ ಮಕ್ಳಿಗೆ ಗಂಟೆಗೆ 80, ಅದೇ ಹುಡುಗಿ ಕೇಕ್ ಮೇಲೆ ಐಸಿಂಗ್ ಮಾಡೋಕೆ ಕೂತ್ರೆ 95 ಕೊಡ್ತೀನಿ. ಹೆಸ್ರು ಎರಡು ಸಲ ಸೇರಿಸ್ಬೇಕಾ?

ಉತ್ತರ:
ಬೇಡ ಬೇಡ. ಹಾಗೆ ಮಾಡಿದ್ರೆ ಗಂಟೆ ಎರಡು ಕಡೆ ಒಡೆದು ಹೋಗಿ 48 ದಾಟಿದ್ದು ಆ್ಯಪ್‌ಗೆ ಗೊತ್ತೇ ಆಗಲ್ಲ. ಒಂದೇ ಪ್ರೊಫೈಲಲ್ಲಿ ಎರಡು ರೋಲ್ ಕೊಟ್ಟು ಪ್ರತಿ ರೋಲಿಗೂ ಬೇರೆ ರೇಟ್ ಹಾಕಿ, ಮತ್ತೆ ಶಿಫ್ಟ್ ಹಾಕುವಾಗ ರೋಲ್ ಆರಿಸೋದು ಮರೀಬೇಡಿ, ಖಾಲಿ ಬಿಟ್ರೆ ಮೂಲ ರೇಟ್ 80 ಹಿಡಿಯುತ್ತೆ. ಆ 80 ನಿಮ್ಮ ವಲಯದ ಕನಿಷ್ಠ ವೇತನಕ್ಕಿಂತ ಕಡಿಮೆ ಇಲ್ವಾ ಅಂತಾನೂ ಒಮ್ಮೆ ತಾಳೆ ನೋಡಿ.

ಎಕ್ಸೆಲ್‌ಗೆ ಇಳಿಸ್ಕೊಂಡಾಗ ನಿಮಿಷದ ಮೇಲೂ ಒಂದು ಕಣ್ಣಿರ್ಲಿ. 7 ಗಂಟೆ 40 ನಿಮಿಷ ಅಂದ್ರೆ 7.67, 7.40 ಅಲ್ಲ. 80 ರೂಪಾಯಿ ರೇಟಿಗೆ 7.40 ಅಂತ ಹಾಕಿದ್ರೆ 592, ಸರಿಯಾದ್ದು 613.33. ಬಸ್ ಪಾಸ್, ಪುಸ್ತಕಕ್ಕೆ ಅಂತ ದುಡಿಯೋ ಮಕ್ಳಿಗೆ ಒಂದು ಶಿಫ್ಟಿಗೆ 21 ರೂಪಾಯಿ ಸಣ್ಣದಲ್ಲ.

ಪ್ರಶ್ನೆ (ತಿಂಡಿ ಹೋಟೆಲಿನವ್ರು, ದಾವಣಗೆರೆ):
ಮಧ್ಯೆ ಬರ್ತಿದೀನಿ ಕ್ಷಮಿಸಿ. ನಮ್ಮಲ್ಲಿ ಬೆಳಿಗ್ಗೆ 6ರಿಂದ 11, ಆಮೇಲೆ ಸಂಜೆ 4ರಿಂದ 8, ಒಟ್ಟು 9 ಗಂಟೆ, ಆ್ಯಪ್ ಎಲ್ಲಾ ಹಸಿರು ತೋರಿಸ್ತಿದೆ. ತೊಂದ್ರೆ ಇಲ್ಲ ತಾನೆ?

ಉತ್ತರ:
ಇದೆ. ಅದೇ ಕಾಯ್ದೆಯಲ್ಲಿ ಬಿಡುವೂ ಸೇರಿ ದಿನದ ಹರವು, ಅಂದ್ರೆ ಕೆಲ್ಸ ಶುರುವಾದಾಗಿಂದ ಮುಗಿಯೋವರೆಗಿನ ಹೊತ್ತು, 12 ಗಂಟೆ ಮೀರ್ಬಾರ್ದು, ನಿಮ್ದು 6ರಿಂದ 8 ಅಂದ್ರೆ 14 ಆಯ್ತು. ಆ್ಯಪ್ ಎರಡು ಶಿಫ್ಟನ್ನ ಬೇರೆ ಬೇರೆ ಅಂತ ನೋಡುತ್ತೆ, ಅದಕ್ಕೆ ಕೆಂಪು ಬರಲ್ಲ. ದೋಸೆ ಕಲ್ಲಿನ ಮುಂದೆ ಬೆಳಿಗ್ಗೆ ನಿಂತೋರೇ ರಾತ್ರಿಗೂ ನಿಲ್ಲೋದು ಬೇಡ, ಎರಡು ತಂಡ ಮಾಡಿ.

ಪ್ರಶ್ನೆ (ಬೇಕರಿಯವ್ರು):
ಕೊನೇದೊಂದು. ಮಕ್ಳಿಗೆ 80 ಇರೋದನ್ನ ಮುಂದಿನ ತಿಂಗಳಿಂದ 85 ಮಾಡ್ಬೇಕು ಅಂತಿದೀನಿ, ಇವತ್ತೇ ಬದಲಾಯಿಸ್ಲಾ?

ಉತ್ತರ:
ಹಳೇ ರೇಟನ್ನ ಅಳಿಸಿ ಅದ್ರ ಮೇಲೇ 85 ಅಂತ ಬರೀಬೇಡಿ, ಕೆಲವು ಆ್ಯಪಲ್ಲಿ ಹಿಂದಿನ ಗಂಟೆಗಳೂ ಹೊಸ ರೇಟಿಗೆ ತಿರುಗಿ ಹೋಗಿ ಕೊಟ್ಟಿರೋ ದುಡ್ಡಿಗೂ ರಿಪೋರ್ಟಿಗೂ ತಾಳೆನೇ ಆಗಲ್ಲ. ಹೊಸ ರೇಟ್ ಸೇರ್ಸಿ ಅನ್ನೋ ಕಡೆ ಹೋಗಿ, ಜಾರಿ ದಿನಾಂಕ 1 ಅಂತ ಕೊಡಿ, 80ರ ಸಾಲು ಹಾಗೇ ಇರ್ಲಿ. ಕನಿಷ್ಠ ವೇತನದ ತುಟ್ಟಿಭತ್ಯೆ ಏಪ್ರಿಲ್ 1ಕ್ಕೆ ಬದಲಾದಾಗ್ಲೂ ಹೀಗೇ ಮಾಡಿ. ಮೊದಲ್ನೇ ವಾರ ಒಬ್ಬ ಹುಡುಗಿನ ಪಕ್ಕ ಕೂರಿಸ್ಕೊಂಡು ಅವಳ ಪಂಚ್, ಅವಳ ರೋಲ್, ಅವಳ ದುಡ್ಡು ಪೇಪರ್ ಮೇಲೆ ಕೈಯಲ್ಲೇ ಲೆಕ್ಕ ಹಾಕಿ ನೋಡಿ, ಓವನ್ ನೋಡ್ಕೊಳ್ಳೋರಿಗೂ ಸರಿಯಾದ ಸ್ಲಿಪ್ ಒಂದು ಹೊಸ್ದಾಗಿ ತೆಗೆದು ಕೈಗೆ ಕೊಡಿ.