ಸಹಾಯ ಬೇಕು: ಸಿಡಿ16ಎ ಪ್ರೋಟೀನ್ ಚಿಪ್ ಮೇಲೆ ನಿಲ್ಲುತ್ತಿಲ್ಲ

ನಮಸ್ಕಾರ. ಎಚ್‌ಇಕೆ293 ಎಂಬ ಮಾನವ ಕೋಶಗಳಲ್ಲಿ ತಯಾರಾದ, ಹಿಸ್ ಟ್ಯಾಗ್ (ನಿಕಲ್‌ಗೆ ಅಂಟುವ ಹಿಸ್ಟಿಡಿನ್ ಬಾಲ) ಇರುವ ಮಾನವ ಸಿಡಿ16ಎ ಗ್ರಾಹಕ (ರಿಸೆಪ್ಟರ್, ಅಂದರೆ ರೋಗನಿರೋಧಕ ಕೋಶಗಳ ಮೇಲಿದ್ದು ಪ್ರತಿಕಾಯಗಳನ್ನು ಹಿಡಿಯುವ ಪ್ರೋಟೀನ್) ನಮ್ಮಲ್ಲಿದೆ. 158ನೇ ಸ್ಥಾನದಲ್ಲಿ ವ್ಯಾಲಿನ್ ಇರುವ ರೂಪ. ಎಸ್‌ಪಿಆರ್ (ಅಣುಗಳು ಅಂಟಿ ಬಿಡುವುದನ್ನು ಅಳೆಯುವ) ಯಂತ್ರದ ನಿಕಲ್ ಚಿಪ್‌ಗೆ ಕಟ್ಟಿದರೆ ಬೇಸ್‌ಲೈನ್ (ಮೂಲ ಸಂಕೇತದ ಮಟ್ಟ) ಮೆಲ್ಲನೆ ಜಾರುತ್ತದೆ. ಐಜಿಜಿ1 ಪ್ರತಿಕಾಯ ಮೊದಲೇ ಬೇಗ ಹಿಡಿದು ಬೇಗ ಬಿಡುವ ಗಿರಾಕಿ. ಬೇಸ್‌ಲೈನ್ ನಿಲ್ಲದಿದ್ದರೆ ಸ್ಥಿರಸ್ಥಿತಿಯ ಲೆಕ್ಕವನ್ನೂ ನಂಬುವಂತಿಲ್ಲ.

ಹಿಸ್ ಟ್ಯಾಗ್ ಹಿಡಿಯುವ ಪ್ರತಿಕಾಯದ ಚಿಪ್ ಬಳಸಬಹುದು. ಆದರೆ ಅದೂ ಐಜಿಜಿಯೇ ತಾನೇ, ಗ್ರಾಹಕ ಅದಕ್ಕೇ ಅಂಟಿಕೊಂಡರೆ? ಬಯೋಟಿನ್ ಜೋಡಿಸಿದ ಪ್ರೋಟೀನ್ ತರಿಸಿ ಸ್ಟ್ರೆಪ್ಟಾವಿಡಿನ್ ಚಿಪ್ ಮೇಲೆ ಕೂರಿಸಿದವರು ಯಾರಾದರೂ ಇದ್ದೀರಾ? ಎಷ್ಟು ಸಾಂದ್ರತೆ ಇಟ್ಟಿರಿ, ಮುಂದಿನ ಸುತ್ತಿಗೆ ಚಿಪ್ ತೊಳೆಯಲು ಯಾವ ಬಫರ್ ಬಳಸಿದಿರಿ?

ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ಮಾಡಿದ್ದು ಬೇಡ, ಅದರಲ್ಲಿ ಸಕ್ಕರೆ ಸರಪಳಿ ಸೇರುವುದಿಲ್ಲ. ಫ್ಯೂಕೋಸ್ ಎಂಬ ಸಕ್ಕರೆ ಇಲ್ಲದ ಪ್ರತಿಕಾಯಗಳನ್ನು ಹೋಲಿಸಬೇಕಿದೆ, ಅದಕ್ಕೆ ಗ್ರಾಹಕದ 162ನೇ ಆಸ್ಪರಜಿನ್ ಮೇಲಿನ ಸಕ್ಕರೆ ಸರಪಳಿ ಇರಲೇಬೇಕು. ಬೆಂಗಳೂರಿನಲ್ಲಿ ಯಾರ ಬಳಿಯಾದರೂ 158ರಲ್ಲಿ ವ್ಯಾಲಿನ್ ಬದಲು ಫಿನೈಲ್‌ಅಲನಿನ್ ಇರುವ ರೂಪ ಸ್ವಲ್ಪ ಉಳಿದಿದ್ದರೆ ದಯವಿಟ್ಟು ತಿಳಿಸಿ.