ಫ್ಲೂ ಲಸಿಕೆ: ಕೇಳುವವರಿಲ್ಲವೋ, ಹೇಳುವವರಿಲ್ಲವೋ?

ಶರಾವತಿ: ನಾನು ತಾಲ್ಲೂಕು ಕೇಂದ್ರವೊಂದರಲ್ಲಿ ವೈದ್ಯೆ. ಸಕ್ಕರೆ ಕಾಯಿಲೆ, ಹೃದ್ರೋಗ, ಉಬ್ಬಸ ಇರುವವರಿಗೂ ವಯಸ್ಸಾದವರಿಗೂ ಗರ್ಭಿಣಿಯರಿಗೂ ಫ್ಲೂ ಲಸಿಕೆ ಬೇಕೆಂಬುದು ಹೊಸ ಮಾತಲ್ಲ. 2010ರೊಳಗೆ ವೃದ್ಧರಲ್ಲಿ ಶೇ 75 ಮಂದಿಗೆ ಅದು ತಲುಪಬೇಕೆಂದು ವಿಶ್ವ ಆರೋಗ್ಯ ಸಭೆ 2003ರಲ್ಲೇ ಗುರಿ ಇಟ್ಟಿತ್ತು. ನನ್ನ ರೋಗಿಗಳಲ್ಲಿ ಹೆಚ್ಚಿನವರು ಅದರ ಹೆಸರನ್ನೇ ಕೇಳಿಲ್ಲ. ಇದನ್ನು ಸರಿಪಡಿಸುವುದು ಹೇಗೆ?

ಹಳೇ ಸಕ್ಕರೆ: ಹನ್ನೊಂದು ವರ್ಷದಿಂದ ಪರೀಕ್ಷೆಗೆ ಹೋಗುತ್ತಿದ್ದೇನೆ. ಪಾದ ನೋಡಿದ್ದಾರೆ, ಕಣ್ಣು ನೋಡಿದ್ದಾರೆ, ಅನ್ನ ಬಿಟ್ಟು ಮುದ್ದೆ ಉಣ್ಣಿ ಎಂದಿದ್ದಾರೆ. ಈ ಲಸಿಕೆಯ ಮಾತು ಮಾತ್ರ ಒಮ್ಮೆಯೂ ಬಂದಿಲ್ಲ.

ಅಂಕಿಪ್ರಿಯ: ದೂರು ನ್ಯಾಯವಾದದ್ದೇ, ಆದರೆ ಹೇಳಿದರೆ ಸಾಕೆಂಬುದನ್ನು ಒಪ್ಪಲಾರೆ. ಡೆನ್ಮಾರ್ಕಿನಲ್ಲಿ 2022ರಲ್ಲಿ 65 ದಾಟಿದ ಒಂಬತ್ತು ಲಕ್ಷಕ್ಕೂ ಹೆಚ್ಚು ಮಂದಿಯನ್ನು ಗುಂಪುಗಳಾಗಿ ವಿಂಗಡಿಸಿ, ಕೆಲವರಿಗೆ ಬಗೆಬಗೆಯ ಒಕ್ಕಣೆಯ ಪತ್ರ ಕಳಿಸಿ ನೋಡಿದರು. ಲಸಿಕೆಯಿಂದ ಹೃದಯಕ್ಕೂ ಲಾಭವೆಂದು ಬರೆದ ಪತ್ರವೇ ಗೆದ್ದಿತಾದರೂ, ಹೆಚ್ಚಿದ್ದು ನೂರಕ್ಕೆ ಒಬ್ಬರಿಗಿಂತಲೂ ಕಡಿಮೆ. ಆ ಪತ್ರಗಳಿಲ್ಲದೆಯೂ ಶೇ 80 ಮಂದಿ ಹಾಕಿಸಿಕೊಂಡಿದ್ದರು. ಅಲ್ಲಿ ಆ ವಯಸ್ಸಿನವರಿಗೆ ಲಸಿಕೆ ಉಚಿತ. ನಮ್ಮಲ್ಲಿ ಸಾವಿರಕ್ಕೂ ಮೇಲೆ ಕೈಯಿಂದಲೇ ಕೊಡಬೇಕು, ಅದೂ ವರ್ಷವರ್ಷ.

ಶರಾವತಿ: ಬೆಲೆಯ ಮಾತು ನಿಜ. ಆದರೂ ಪತ್ರ ಬೇರೆ, ಎದುರಿಗೆ ಕೂತ ವೈದ್ಯರು ಹೇಳುವುದು ಬೇರೆ. ಹೃದಯಾಘಾತದಿಂದ ಆಸ್ಪತ್ರೆ ಸೇರಿದವರಿಗೆ ಅಲ್ಲೇ ಲಸಿಕೆ ಕೊಟ್ಟು ನೋಡಿದ, ಬಾಂಗ್ಲಾದೇಶವೂ ಸೇರಿದ್ದ ಪ್ರಯೋಗವೊಂದು 2021ರಲ್ಲಿ ಪ್ರಕಟವಾಯಿತು: ವರ್ಷದೊಳಗೆ ತೀರಿಕೊಂಡವರು ಲಸಿಕೆ ಪಡೆದವರಲ್ಲಿ ಶೇ 2.9, ಬರೀ ಉಪ್ಪುನೀರಿನ ಚುಚ್ಚುಮದ್ದು ಪಡೆದವರಲ್ಲಿ ಶೇ 4.9. ಇದನ್ನು ಹೇಳಿದಾಗ ಹಣದ ಲೆಕ್ಕ ಹಾಕುತ್ತಿದ್ದ ಮಕ್ಕಳೂ ಸುಮ್ಮನಾಗಿದ್ದನ್ನು ಕಂಡಿದ್ದೇನೆ.

ಮಲೆನಾಡ ಮಳೆ: ಕಾಲದ ವಿಷಯವನ್ನು ಯಾರೂ ಎತ್ತಲಿಲ್ಲ. ಅಕ್ಟೋಬರಿನಲ್ಲಿ ಹಾಕಿಸಿ ಎಂಬುದು ಯೂರೋಪಿನ ಪಂಚಾಂಗ. ನಮ್ಮಲ್ಲಿ ಮಳೆಗಾಲದಲ್ಲೂ ಫ್ಲೂ ಏರುತ್ತದೆ, ಲಸಿಕೆ ಫಲ ಕೊಡಲು ಸುಮಾರು ಎರಡು ವಾರ ಬೇಕು. ಹಾಗಾಗಿ ಕಾರಹುಣ್ಣಿಮೆಗೆ ಮುಂಚೆಯೇ ಮುಗಿಸಬೇಕು. ಕಳೆದ ಬಾರಿ ಅಮ್ಮನಿಗಾಗಿ ಆ ಹೊತ್ತಿಗೆ ಮೂರು ಅಂಗಡಿ ಅಲೆದೆ. ಮೂರರಲ್ಲೂ ಸಿಕ್ಕ ಉತ್ತರ, ‘ಹೊಸದು ಇನ್ನೂ ಬಂದಿಲ್ಲ.’

ಅಂಕಿಪ್ರಿಯ: ಹಾಗಾದರೆ ವೈದ್ಯರು ಹೇಳಿಯೂ ಪ್ರಯೋಜನವಿಲ್ಲ. ಮೇ ತಿಂಗಳಲ್ಲಿ ಸಕ್ಕರೆ ಪರೀಕ್ಷೆ ನಡೆಯುವ ಕೋಣೆಯ ಫ್ರಿಜ್ಜಿನಲ್ಲೇ ಲಸಿಕೆ ಇರಬೇಕು, ಚೀಟಿ ಹಿಡಿದು ಅಂಗಡಿ ಸುತ್ತಿಸಬಾರದು.

ಹಳೇ ಸಕ್ಕರೆ: ನನ್ನ ಪರೀಕ್ಷೆಯ ಪುಸ್ತಕದಲ್ಲಿ ಪಾದ, ಕಣ್ಣು, ಮೂತ್ರ ಎಂದು ಮೂರು ಮನೆಗಳಿವೆ. ನಾಲ್ಕನೆಯದನ್ನು ಈಗಷ್ಟೇ ಪೆನ್ನಿನಲ್ಲಿ ಗೆರೆ ಎಳೆದು ‘ಫ್ಲೂ’ ಎಂದು ಬರೆದಿದ್ದೇನೆ. ಸೋಮವಾರ ವೈದ್ಯರ ಮುಂದೆ ಆ ಪುಟವನ್ನೇ ತೆರೆದಿಡುತ್ತೇನೆ.